ಬಿಲ್ ಗೋಲ್ಡ್‌ಬರ್ಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಆಡಿಕೊಂಡು ಬೆಳೆದವರಿಗೆ ಈ ಬೋಳುತಲೆ, ಕುರುಚಲು ಗಡ್ಡ, ಕಪ್ಪು ಚಡ್ಡಿಯ ಪೈಲ್ವಾನನ ಪರಿಚಯ ಬೇಡ. ಆದರೂ ಅವರ ಬಗ್ಗೆ ಹರಿದಾಡುವ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಅವರ ಪೂರ್ತಿ ಹೆಸರೇನು? ಎಲ್ಲಿಯವರು?

ವಿಲಿಯಂ ಸ್ಕಾಟ್ ಗೋಲ್ಡ್‌ಬರ್ಗ್. 1966ರ ಡಿಸೆಂಬರ್ 27ರಂದು ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಹುಟ್ಟಿದರು. ತಂದೆ ಜೆಡ್ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರು. ತಾಯಿ ಎಥೆಲ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಟೀಲು ವಾದಕಿ, ಹೂಗಿಡಗಳ ಕೃಷಿಯಲ್ಲಿ ಪಳಗಿದವರು. ಕುಸ್ತಿಯ ಮನೆತನ ಅಲ್ಲವೇ ಅಲ್ಲ. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಅಪ್ಪ, ಮಗ, ಮೊಮ್ಮಗ ಎಂದು ತಲೆಮಾರುಗಳಿಂದ ರಿಂಗಿಗಿಳಿದ ಕುಟುಂಬಗಳು ಬಹಳ. ಗೋಲ್ಡ್‌ಬರ್ಗ್ ಅವರಿಗೆ ಆ ಬಗೆಯ ಬೆನ್ನಬಲ ಇರಲಿಲ್ಲ, ಮೂವತ್ತರ ಹತ್ತಿರ ಬರುವವರೆಗೂ ಅವರು ರಿಂಗ್ ಹತ್ತಿರಲಿಲ್ಲ. ಮುಂದೆ ಅವರ ಬಗ್ಗೆ ಬಂದ ಹೊಗಳಿಕೆಗೂ ದೂರಿಗೂ ಮೂಲ ಇದೇ.

ಅವರು ನಿಜವಾಗಿ ಯಹೂದಿಯೇ? ಗೋಲ್ಡ್‌ಬರ್ಗ್ ಎಂಬುದು ರಿಂಗಿಗಾಗಿ ಇಟ್ಟುಕೊಂಡ ಹೆಸರೇ?

ಯಹೂದಿ ಮನೆಯಲ್ಲೇ ಹುಟ್ಟಿ ಬೆಳೆದವರು. ಟಲ್ಸಾದ ಟೆಂಪಲ್ ಇಸ್ರೇಲ್ ಎಂಬ ಸಿನಗಾಗ್‌ನಲ್ಲಿ ಅವರ ಬಾರ್ ಮಿಟ್ಸ್ವಾ ನಡೆಯಿತು. ಹದಿಮೂರಕ್ಕೆ ಕಾಲಿಟ್ಟ ಹುಡುಗ ಸಭೆಯ ಮುಂದೆ ಧರ್ಮಗ್ರಂಥ ಓದಿ, ಇನ್ನು ಧರ್ಮದ ಹೊಣೆ ತನ್ನದೂ ಹೌದು ಎಂದು ಒಪ್ಪಿಕೊಳ್ಳುವ ವಿಧಿ ಅದು.

ಹೆಸರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 1997ರಲ್ಲಿ ಟಿ.ವಿ.ಯಲ್ಲಿ ತೋರಿಸದ ಪರೀಕ್ಷಾ ಪಂದ್ಯಗಳಲ್ಲಿ ಅವರನ್ನು ‘ಬಿಲ್ ಗೋಲ್ಡ್’ ಎಂದು ಇಳಿಸಿದ್ದರು. ಈ ರಂಗದಲ್ಲಿ ಹುಟ್ಟುಹೆಸರು ಬಿಡುವುದು ಮಾಮೂಲು, ಯಹೂದಿ ಹೆಸರನ್ನು ಮೊಟಕು ಮಾಡುವುದೂ ಹೊಸದೇನಲ್ಲ. ಟಿ.ವಿ.ಗೆ ಬರುವಾಗ ಅವರು ಬಂದದ್ದು ಗೋಲ್ಡ್‌ಬರ್ಗ್ ಆಗಿಯೇ. ಬಿರುದಿಲ್ಲ, ವೇಷವಿಲ್ಲ, ಕಟ್ಟುಕಥೆಯಿಲ್ಲ, ಮನೆತನದ ಹೆಸರೊಂದೇ. ಅಮೆರಿಕದ ಹಾಸ್ಯದಲ್ಲಿ ಯಹೂದಿ ಹುಡುಗ ಎಂದರೆ ಕನ್ನಡಕ ಹಾಕಿಕೊಂಡ ಪುಕ್ಕಲ ಎಂಬ ಸವಕಲು ಚಿತ್ರ ಇತ್ತು. ನಲವತ್ತು ಸಾವಿರ ಜನ ಅದೇ ಬಗೆಯ ಹೆಸರನ್ನು ಎದೆತುಂಬಿ ಕೂಗಿದ್ದು ಸಣ್ಣ ಸಂಗತಿಯಲ್ಲ. ಅವರ ಇಡೀ ವೃತ್ತಿಜೀವನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಕುಸ್ತಿಗೆ ಮೊದಲು ಏನು ಮಾಡುತ್ತಿದ್ದರು?

ಅಮೆರಿಕನ್ ಫುಟ್ಬಾಲ್. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಓದಿದರು, ರಕ್ಷಣಾ ಸಾಲಿನ ನಡುವೆ ನಿಂತು ಆಡಿದರು. ಎದುರು ತಂಡದ ಭಾರೀ ಆಳುಗಳ ಗೋಡೆಯನ್ನು ಎರಡು ಮೂರು ಹೆಜ್ಜೆಯಲ್ಲಿ ಸೀಳಿ, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದು ಆ ಜಾಗದವನ ಕೆಲಸ. ಪ್ರತಿ ಸಲದ ಸೆಣಸು ಕೆಲವೇ ಸೆಕೆಂಡು. ಆಮೇಲೆ ಉಸಿರು ಹಿಡಿಯಲು ಬಿಡುವು ಸಿಗುತ್ತದೆ, ಮತ್ತೆ ಸ್ಫೋಟ. ಇದನ್ನು ನೆನಪಿಟ್ಟುಕೊಂಡರೆ ಅವರ ಕುಸ್ತಿ ಅರ್ಥವಾಗುತ್ತದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೊಸ ಆಟಗಾರರನ್ನು ಆರಿಸುವ 1990ರ ಆಯ್ಕೆಯಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವರನ್ನು 11ನೇ ಸುತ್ತಿನಲ್ಲಿ, ಒಟ್ಟಾರೆ 301ನೆಯವರಾಗಿ ತೆಗೆದುಕೊಂಡಿತು. 1992ರಲ್ಲಿ ಸ್ಯಾಕ್ರಮೆಂಟೊ ಸರ್ಜ್ ತಂಡದಲ್ಲಿದ್ದರು. ಆ ತಂಡ ಆಡುತ್ತಿದ್ದ ಲೀಗಿನ ಪ್ರಶಸ್ತಿಯಾದ ವರ್ಲ್ಡ್ ಬೌಲ್ ಆ ವರ್ಷ ಅದರ ಪಾಲಾಯಿತು. 1992ರಿಂದ 1994ರವರೆಗೆ ಅಟ್ಲಾಂಟಾ ಫಾಲ್ಕನ್ಸ್ ಪರ 14 ಪಂದ್ಯ ಆಡಿದರು. 1995ರಲ್ಲಿ ಹೊಸದಾಗಿ ಹುಟ್ಟಿದ ಕ್ಯಾರೊಲಿನಾ ಪ್ಯಾಂಥರ್ಸ್ ಅವರನ್ನು ಆರಿಸಿಕೊಂಡು, ಬೇಗನೆ ಕೈಬಿಟ್ಟಿತು. ಕಾರಣ ಗಾಯ. ಕೆಳಹೊಟ್ಟೆಯ ಸ್ನಾಯು ಸೊಂಟದ ಮೂಳೆಯಿಂದ ಕಿತ್ತು ಬಂದಿತ್ತು. ಓಡಲು, ತಿರುಗಲು, ಎದುರಾಳಿಯನ್ನು ತಳ್ಳಲು ಎಲ್ಲಕ್ಕೂ ಆಧಾರವಾದ ಜಾಗ ಅದು. ಶಸ್ತ್ರಚಿಕಿತ್ಸೆಯಾಗಿ ನಡೆದಾಡುವಂತಾದರೂ ಆ ಮಟ್ಟದ ಫುಟ್ಬಾಲಿಗೆ ಮರಳಲಾಗಲಿಲ್ಲ.

ಕುಸ್ತಿ ಕಲಿತದ್ದು ಎಲ್ಲಿ, ಎಷ್ಟು ಕಾಲ?

ಅಟ್ಲಾಂಟಾದಲ್ಲಿ ಲೆಕ್ಸ್ ಲೂಗರ್, ಸ್ಟಿಂಗ್ ಎಂಬ ಇಬ್ಬರು ಹೆಸರಾಂತ ಪೈಲ್ವಾನರ ಕಣ್ಣಿಗೆ ಬಿದ್ದರು. ಅವರ ಒತ್ತಾಸೆಯಿಂದ ಡಬ್ಲ್ಯುಸಿಡಬ್ಲ್ಯು ಕಂಪನಿಯ ತರಬೇತಿ ಶಾಲೆಯಾದ ಪವರ್ ಪ್ಲಾಂಟ್ ಸೇರಿದರು. ಅಲ್ಲಿನ ಮುಖ್ಯ ಶಿಕ್ಷಕ ಡ್ವೇನ್ ಬ್ರೂಸ್. ದಂಡನೆಯಂಥ ವ್ಯಾಯಾಮಕ್ಕೆ ಆ ಶಾಲೆ ಹೆಸರುವಾಸಿ. ಸೇರಲು ಬಂದವರಿಗೆ ಮೊದಲು ನೂರಾರು ಬಸ್ಕಿ ಹೊಡೆಸಿ, ಕಾಲು ಸೋತವರನ್ನು ವಾಪಸು ಕಳಿಸುತ್ತಿದ್ದರು. ನಮ್ಮ ಗರಡಿಮನೆಯ ಬಸ್ಕಿಯೇ ಅದು. ಅಲ್ಲಿನವರು ಅದಕ್ಕೆ ‘ಹಿಂದೂ ಸ್ಕ್ವಾಟ್’ ಎನ್ನುತ್ತಾರೆ.

ಟಿ.ವಿ.ಯಲ್ಲಿ ಮೊದಲ ಪಂದ್ಯ 1997ರ ಸೆಪ್ಟೆಂಬರ್ 22ರಂದು, ‘ನೈಟ್ರೊ’ ಕಾರ್ಯಕ್ರಮದಲ್ಲಿ, ಹ್ಯೂ ಮೋರಸ್ ವಿರುದ್ಧ. ಸಾಮಾನ್ಯವಾಗಿ ಹೊಸಬ ಸಣ್ಣ ಊರುಗಳ ಸಭಾಂಗಣಗಳಲ್ಲಿ ವರ್ಷಗಟ್ಟಲೆ ಆಡಿ, ಜನರ ನಾಡಿಮಿಡಿತ ಅರಿತು, ಬಿದ್ದು ಎದ್ದು ಮೇಲೆ ಬರುತ್ತಾನೆ. ಗೋಲ್ಡ್‌ಬರ್ಗ್ ಶಾಲೆಯಿಂದ ಹೆಚ್ಚುಕಡಿಮೆ ನೇರವಾಗಿ ದೇಶವಿಡೀ ನೋಡುವ ಟಿ.ವಿ.ಗೆ ಬಂದರು. ಹತ್ತು ತಿಂಗಳೊಳಗೆ ವಿಶ್ವ ಚಾಂಪಿಯನ್ ಆದರು. ಇಷ್ಟು ಬೇಗ ಮೇಲೇರಿದವರು ಈ ರಂಗದಲ್ಲಿ ಬಹಳ ಕಡಿಮೆ.

ಇದೆಲ್ಲ ಮೊದಲೇ ತೀರ್ಮಾನವಾದ ಆಟ ತಾನೆ? ಹಾಗಿದ್ದರೆ ಚಾಂಪಿಯನ್ ಎನ್ನುವುದು ಹೇಗೆ?

ಹೌದು, ಗೆಲುವು ಸೋಲು ಮೊದಲೇ ತೀರ್ಮಾನವಾಗಿರುತ್ತದೆ. ದಸರಾ ಕುಸ್ತಿಯಲ್ಲಿ ಮಣ್ಣಿನ ಅಖಾಡಕ್ಕೆ ಇಳಿಯುವ ಪೈಲ್ವಾನ ಎದುರಾಳಿಯನ್ನು ಚಿತ್ ಮಾಡಲೇಬೇಕೆಂದು ಹೋರಾಡುತ್ತಾನೆ. ಇಲ್ಲಿ ಹಾಗಲ್ಲ, ಇಬ್ಬರೂ ಸೇರಿ ಒಂದು ಕಾಳಗವನ್ನು ಕಟ್ಟುತ್ತಾರೆ. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕಣ್ಣುಬಿಟ್ಟು ಕೂತವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಚಾಂಪಿಯನ್ ಪಟ್ಟವೆಂದರೆ ಕಂಪನಿ ಒಬ್ಬನ ಮೇಲೆ ಇಡುವ ನಂಬಿಕೆ: ಇವನ ಹೆಸರಿಗೆ ಟಿಕೆಟ್ ಹೋಗುತ್ತದೆ, ಇವನಿಗಾಗಿ ಜನ ಟಿ.ವಿ. ಹಾಕುತ್ತಾರೆ ಎಂಬ ನಂಬಿಕೆ.

ಏಟು, ಬೀಳು, ಗಾಯ ಮಾತ್ರ ದೇಹಕ್ಕೆ ನಿಜವಾಗಿಯೇ ಆಗುತ್ತವೆ. ರಿಂಗಿನ ನೆಲ ಎಂದರೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ, ತೆಳ್ಳನೆಯ ಮೆತ್ತೆ, ಬಿಗಿದ ಬಟ್ಟೆ. ಮುಂದಿನ ಉತ್ತರಗಳಲ್ಲಿ ಬರುವ ಗಾಯಗಳು ಯಾವುವೂ ಕಥೆಗಾಗಿ ಹೆಣೆದವಲ್ಲ.

173 ಗೆಲುವಿನ ಸರಣಿ ನಿಜವೇ?

ಸರಣಿ ನಿಜ, ಸಂಖ್ಯೆ ಉಬ್ಬಿಸಿದ್ದು. 1997ರ ಸೆಪ್ಟೆಂಬರಿನಿಂದ 1998ರ ಡಿಸೆಂಬರ್ ಕೊನೆಯವರೆಗೆ ಟಿ.ವಿ.ಯಲ್ಲಿ ಅವರು ಸೋಲಲಿಲ್ಲ. ಆರಂಭದಲ್ಲಿ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಜನರೇ ಎಣಿಸಿ ರಟ್ಟಿನ ಫಲಕಗಳ ಮೇಲೆ ಬರೆದು ತರತೊಡಗಿದಾಗ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಅಲ್ಲಿಂದ ಎಡವಟ್ಟು ಶುರು. ಒಂದು ವಾರ ಹೇಳಿದ ಸಂಖ್ಯೆಗೂ ಮುಂದಿನ ವಾರದ ಸಂಖ್ಯೆಗೂ ನಡುವಿನ ಅಂತರ, ಆ ಏಳು ದಿನಗಳಲ್ಲಿ ಅವರು ಆಡಿರಲು ಸಾಧ್ಯವಿದ್ದ ಪಂದ್ಯಗಳಿಗಿಂತ ಹೆಚ್ಚಿರುತ್ತಿತ್ತು. ಲೆಕ್ಕ ಇಟ್ಟಿದ್ದ ಅಭಿಮಾನಿಗಳೇ ಮೊದಲು ಹಿಡಿದರು. ಇದ್ದದ್ದನ್ನು ಇದ್ದಂತೆ ಹೇಳಿದ್ದರೂ ಸಾಧನೆ ದೊಡ್ಡದೇ ಆಗಿತ್ತು. ಉಬ್ಬಿಸಿ ಅದರ ಮೇಲಿನ ವಿಶ್ವಾಸವನ್ನು ಕಂಪನಿಯೇ ಕೆಡಿಸಿತು.

ಸರಣಿ ಯಾಕೆ ಅಷ್ಟು ಜೋರಾಗಿ ಹಿಡಿಯಿತು ಎಂದರೆ ಪಂದ್ಯಗಳು ಚಿಕ್ಕವು. ಎರಡು ನಿಮಿಷ, ಮೂರು ನಿಮಿಷ. ಉಡುಪುಕೋಣೆಯ ಬಾಗಿಲಿನಿಂದ ಕಾವಲುಗಾರರ ನಡುವೆ ನಡೆದುಬರುವ ಉದ್ದನೆಯ ದೃಶ್ಯ, ವೇದಿಕೆಯ ಮೇಲೆ ಬಾಣಬಿರುಸಿನ ಕಿಡಿಗಳ ನಡುವೆ ನಿಂತು ಮೂಗು ಬಾಯಿಂದ ಹೊಗೆ ಬಿಡುವುದು, ಆಮೇಲೆ ಎರಡೇ ಪಟ್ಟು, ಪಂದ್ಯ ಮುಗಿತ. ಮಾತಾಡುತ್ತಿದ್ದುದೂ ಕಡಿಮೆ: ‘ಮುಂದೆ ಯಾರು?’ ಅಷ್ಟೇ. ಆ ಕಾಲದಲ್ಲಿ ಉಳಿದವರೆಲ್ಲ ಮೈಕ್ ಹಿಡಿದು ಇಪ್ಪತ್ತು ನಿಮಿಷ ಭಾಷಣ ಬಿಗಿಯುತ್ತಿದ್ದರು.

ಹಲ್ಕ್ ಹೋಗನ್ ವಿರುದ್ಧದ ಪಂದ್ಯ ಏಕೆ ಅಷ್ಟು ಪ್ರಸಿದ್ಧ?

1998ರ ಜುಲೈ 6, ಅಟ್ಲಾಂಟಾದ ಜಾರ್ಜಿಯಾ ಡೋಮ್. ಗೋಲ್ಡ್‌ಬರ್ಗ್ ಆಗ ಅಮೆರಿಕ ಚಾಂಪಿಯನ್. ಏಪ್ರಿಲ್ 20ರಂದು ರೇವನ್‌ನನ್ನು ಸೋಲಿಸಿ ಆ ಪಟ್ಟ ಪಡೆದಿದ್ದರು. ಆ ರಾತ್ರಿ ಮೊದಲು ಸ್ಕಾಟ್ ಹಾಲ್‌ನನ್ನು ಸೋಲಿಸಿ ಅವಕಾಶ ಗಳಿಸಿ, ನಂತರ ಆಗಿನ ವಿಶ್ವ ಚಾಂಪಿಯನ್ ಹೋಗನ್‌ಗೆ ತಮ್ಮ ಎರಡು ಪಟ್ಟುಗಳಾದ ಸ್ಪಿಯರ್, ಜಾಕ್‌ಹ್ಯಾಮರ್ ಹಾಕಿ ವಿಶ್ವ ಪಟ್ಟ ಗೆದ್ದರು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಫಾಲ್ಕನ್ಸ್ ತಂಡದ ತವರು ಮೈದಾನವೂ ಆಗ ಇದೇ ಕಟ್ಟಡವಾಗಿತ್ತು. ಫುಟ್ಬಾಲಿಗನಾಗಿ ನೆಲೆ ನಿಲ್ಲಲಾಗದ ಜಾಗದಲ್ಲೇ ನಾಲ್ಕು ವರ್ಷದ ನಂತರ ಇಡೀ ಕ್ರೀಡಾಂಗಣ ಅವರ ಹೆಸರು ಕೂಗಿತು.

ವ್ಯಾಪಾರದ ದೃಷ್ಟಿಯಿಂದ ಈ ಪಂದ್ಯದ ಬಗ್ಗೆ ಇವತ್ತಿಗೂ ವಾದವಿದೆ. ಇಂಥ ಪಂದ್ಯವನ್ನು ತಿಂಗಳುಗಟ್ಟಲೆ ಪ್ರಚಾರ ಮಾಡಿ, ದುಡ್ಡು ಕೊಟ್ಟು ನೋಡುವ ವಿಶೇಷ ಪ್ರಸಾರದಲ್ಲಿ ಇಟ್ಟಿದ್ದರೆ ಕೋಟಿಗಟ್ಟಲೆ ಬರುತ್ತಿತ್ತು. ಸೋಮವಾರ ರಾತ್ರಿ ಒಂದೇ ಹೊತ್ತಿಗೆ ಬರುತ್ತಿದ್ದ ಎರಡು ಕಂಪನಿಗಳ ಟಿ.ವಿ. ಕಾರ್ಯಕ್ರಮಗಳ ಪೈಪೋಟಿಯಲ್ಲಿ ಎದುರಾಳಿ ಕಂಪನಿಯನ್ನು ಹಿಂದಿಕ್ಕುವ ಆತುರದಲ್ಲಿ ಕೆಲವೇ ದಿನ ಮೊದಲು ಪ್ರಕಟಿಸಿ ಮಾಮೂಲಿ ಟಿ.ವಿ.ಯಲ್ಲಿ ಬಿಟ್ಟಿಯಾಗಿ ತೋರಿಸಿದರು. ಆ ವಾರದ ಪೈಪೋಟಿ ಗೆದ್ದರು. ಆದರೆ ಅಂಥ ಪಂದ್ಯ ಎರಡನೇ ಸಲ ಸಿಗುವುದಿಲ್ಲ.

ಸ್ಪಿಯರ್ ಹಾಕುವುದು ಹೇಗೆ? ಏನು ತಪ್ಪಾಗಬಹುದು?

ಫುಟ್ಬಾಲಿನ ಟ್ಯಾಕಲ್‌ನಿಂದ ಬಂದ ಪಟ್ಟು. ಐದಾರು ಹೆಜ್ಜೆ ದೂರದಿಂದ ಓಡಿ ಬಂದು, ಕೊನೆಯ ಎರಡು ಹೆಜ್ಜೆಯಲ್ಲಿ ಸೊಂಟ ತಗ್ಗಿಸಿ, ಭುಜವನ್ನು ಎದುರಾಳಿಯ ಹೊಟ್ಟೆಯ ಮಟ್ಟಕ್ಕೆ ತರಬೇಕು. ತಲೆ ಅವನ ಪಕ್ಕೆಯ ಹೊರಗೆ ಹಾದುಹೋಗಬೇಕು. ಕೈಗಳು ತೊಡೆಯ ಹಿಂಬದಿ ಸುತ್ತಬೇಕು, ತಾಗಿದ ಮೇಲೂ ಕಾಲು ನಿಲ್ಲಿಸದೆ ಮುಂದಕ್ಕೆ ಒತ್ತಬೇಕು.

ಏಟು ತಿನ್ನುವವನ ಕೆಲಸವೂ ಅಷ್ಟೇ ಮುಖ್ಯ. ತಾಗುವ ಕ್ಷಣಕ್ಕೆ ಕಾಲು ಹಗುರ ಮಾಡಿ ಹಿಂದಕ್ಕೆ ನೆಗೆಯಬೇಕು, ಗದ್ದವನ್ನು ಎದೆಗೆ ಒತ್ತಿ, ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲಕ್ಕೆ ತಾಗುವಂತೆ ಬೀಳಬೇಕು. ಅವನು ಗಟ್ಟಿಯಾಗಿ ನಿಂತುಬಿಟ್ಟರೆ ಭಾರವೆಲ್ಲ ಪಕ್ಕೆಲುಬಿನ ಮೇಲೆ. ಗದ್ದ ಎತ್ತಿಕೊಂಡರೆ ತಲೆಯ ಹಿಂಭಾಗ ಮೊದಲು ನೆಲಕ್ಕೆ. ಹಾಕುವವನು ತಲೆ ತಗ್ಗಿಸಿ ನೆತ್ತಿಯಿಂದ ಗುದ್ದಿದರೆ ಅವನದೇ ಕತ್ತಿಗೆ ಕುತ್ತು. ಮೂಲೆಯಲ್ಲಿ ನಿಂತ ಎದುರಾಳಿ ಪಕ್ಕಕ್ಕೆ ಸರಿದರೆ ಮುಂದಿರುವುದು ಕಬ್ಬಿಣದ ಕಂಬ. ಇದು 2019ರಲ್ಲಿ ಹೇಗಾಯಿತು ಎಂಬುದು ಮುಂದೆ ಬರುತ್ತದೆ. ಇದನ್ನು ಓದಿ ಮನೆಯಲ್ಲೋ ಶಾಲೆಯ ಮೈದಾನದಲ್ಲೋ ಯಾರೂ ಪ್ರಯತ್ನಿಸಬಾರದು.

ಜಾಕ್‌ಹ್ಯಾಮರ್?

ಇದು ಸ್ಪಿಯರ್‌ಗಿಂತ ಕಷ್ಟ. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಹಿಡಿದು, ಅವನ ಕೈಯನ್ನು ತನ್ನ ಕತ್ತಿನ ಮೇಲೆ ಹಾಕಿಕೊಂಡು, ಚಡ್ಡಿಯ ಪಟ್ಟಿ ಹಿಡಿದು, ಕಾಲು ಮೇಲೆ ತಲೆ ಕೆಳಗೆ ನೆಟ್ಟಗೆ ಎತ್ತಬೇಕು. ಮೇಲೆ ಒಂದು ಕ್ಷಣ ತಡೆದು, ಹಿಂದಕ್ಕೆ ಬೀಳುವ ಬದಲು ಪಕ್ಕಕ್ಕೆ ಹೊರಳಿ, ಅವನ ಬೆನ್ನು ನೆಲಕ್ಕೆ ಬರುವಂತೆ ಇಳಿಸಿ, ತಾನು ಅವನ ಮೇಲೆ ಬೀಳಬೇಕು. ಬಿದ್ದ ಭಂಗಿಯಲ್ಲೇ ಪಿನ್, ಅಂದರೆ ಮೂರು ಎಣಿಸುವವರೆಗೆ ಎದುರಾಳಿಯ ಭುಜಗಳನ್ನು ನೆಲಕ್ಕೆ ಒತ್ತಿ ಗೆಲ್ಲುವುದು, ಆಗಿರುತ್ತದೆ. ಎತ್ತುವಾಗ ಎದುರಾಳಿ ನೆಗೆದು ಕೊಡಬೇಕು, ಮೇಲೆ ಮೈ ಕೋಲಿನಂತೆ ಬಿಗಿ ಹಿಡಿಯಬೇಕು. ಮೈ ಸಡಿಲವಾದರೆ ಭಾರ ಓಲಾಡುತ್ತದೆ. ಎತ್ತುವವನಿಗೆ ಉಸಿರು ಕಟ್ಟಿದ್ದರೆ ಹೊರಳುವ ಹೊತ್ತಿಗೆ ತೋಳು ಸೋತು, ಎದುರಾಳಿ ಕತ್ತಿನ ಮೇಲೆ ಬೀಳುತ್ತಾನೆ.

ಗೋಲ್ಡ್‌ಬರ್ಗ್ ಅವರ ಘೋಷಿತ ಅಳತೆ 6 ಅಡಿ 4 ಅಂಗುಲ, 285 ಪೌಂಡ್, ಅಂದರೆ ಸುಮಾರು 129 ಕಿಲೊ. ಮುಂದೆ ಬಿಗ್ ಶೋ ಎಂದು ಹೆಸರಾದ, ಎರಡು ಕ್ವಿಂಟಲ್ ಆಸುಪಾಸಿನ ದಿ ಜೈಂಟ್‌ನನ್ನೂ 1998ರಲ್ಲಿ ಇದೇ ಪಟ್ಟಿನಲ್ಲಿ ಎತ್ತಿ ಹಾಕಿದ್ದಾರೆ. ತೋಳು, ಸೊಂಟದ ಆ ಬಲದಲ್ಲಿ ನಟನೆಗೆ ಜಾಗವಿಲ್ಲ.

ಸರಣಿ ಮುರಿದವರು ಯಾರು?

ಕೆವಿನ್ ನ್ಯಾಶ್. 1998ರ ಡಿಸೆಂಬರ್ 27, ವಾಷಿಂಗ್ಟನ್‌ನಲ್ಲಿ ನಡೆದ ‘ಸ್ಟಾರ್‌ಕೇಡ್’ ವಿಶೇಷ ಕಾರ್ಯಕ್ರಮ. ಗೋಲ್ಡ್‌ಬರ್ಗ್ ಅವರ ಹುಟ್ಟುಹಬ್ಬದ ದಿನವೇ. ಸ್ಕಾಟ್ ಹಾಲ್ ವಿದ್ಯುತ್ ಆಘಾತ ಕೊಡುವ ಟೇಸರ್ ಒತ್ತಿದ, ನ್ಯಾಶ್ ಎತ್ತಿ ಬಡಿದು ಪಿನ್ ಮಾಡಿದರು. ಎಂಟೇ ದಿನದಲ್ಲಿ, 1999ರ ಜನವರಿ 4ರಂದು, ಜಾರ್ಜಿಯಾ ಡೋಮ್‌ನಲ್ಲಿ ಮರುಪಂದ್ಯ ಎಂದು ಹೇಳಿ ಜನ ಸೇರಿಸಿದರು. ಕಥೆಯಲ್ಲಿ ಗೋಲ್ಡ್‌ಬರ್ಗ್‌ರನ್ನು ಪೊಲೀಸರು ಹಿಡಿದುಕೊಂಡು ಹೋದರು, ಬದಲಿಗೆ ಬಂದ ಹೋಗನ್ ಬೆರಳಿನಿಂದ ತಿವಿದದ್ದಕ್ಕೇ ನ್ಯಾಶ್ ಮಲಗಿ ಪಟ್ಟ ಬಿಟ್ಟುಕೊಟ್ಟರು. ಸರಣಿ ಎಂದಾದರೂ ಮುಗಿಯಲೇಬೇಕಿತ್ತು. ಆದರೆ ಅದನ್ನು ಮುರಿದು ಯಾವ ಹೊಸ ಪೈಲ್ವಾನನನ್ನೂ ಕಟ್ಟಲಿಲ್ಲ, ತವರಿನ ಜನಕ್ಕೆ ಹೇಳಿದ ಪಂದ್ಯವನ್ನೂ ತೋರಿಸಲಿಲ್ಲ. ಡಬ್ಲ್ಯುಸಿಡಬ್ಲ್ಯು ಜನರ ನಂಬಿಕೆ ಕಳೆದುಕೊಂಡ ದಿನಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಇಡಬೇಕು.

ಬ್ರೆಟ್ ಹಾರ್ಟ್ ಅವರ ವೃತ್ತಿ ಮುಗಿದದ್ದು ಗೋಲ್ಡ್‌ಬರ್ಗ್‌ರಿಂದಲೇ?

1999ರ ಡಿಸೆಂಬರ್ 19ರ ಪಂದ್ಯದಲ್ಲಿ ಗೋಲ್ಡ್‌ಬರ್ಗ್ ಕಾಲೆತ್ತಿ ಒದ್ದ ಏಟು ಹಾರ್ಟ್ ಅವರ ತಲೆಗೆ ಪೂರ್ತಿ ಬಲದಲ್ಲಿ ಬಿತ್ತು, ಮೆದುಳಿಗೆ ಪೆಟ್ಟಾಯಿತು. ಹಾರ್ಟ್ ಆ ಮೇಲೂ ಕೆಲವು ಪಂದ್ಯ ಆಡಿದರು, ಅದರಿಂದ ಸ್ಥಿತಿ ಇನ್ನೂ ಕೆಟ್ಟಿತು. 2000ದಲ್ಲಿ ನಿವೃತ್ತಿ ಹೇಳಬೇಕಾಯಿತು. ಹಾರ್ಟ್ ಇದನ್ನು ಸಾರ್ವಜನಿಕವಾಗಿ ಹಲವು ಸಲ ಕಟುವಾಗಿ ಹೇಳಿದ್ದಾರೆ, ಗೋಲ್ಡ್‌ಬರ್ಗ್ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ.

ನಮ್ಮ ಮಟ್ಟಿಗೆ, ಬೇಕೆಂದೇ ಮಾಡಿದ್ದಲ್ಲ, ಆದರೆ ಬರೀ ದುರದೃಷ್ಟವೂ ಅಲ್ಲ. ಒದೆಯುವಾಗ ಬಲವನ್ನು ಕೊನೆಯ ಅಂಗುಲದಲ್ಲಿ ತಡೆಯುವುದು ಸಾವಿರ ಪಂದ್ಯಗಳಲ್ಲಿ ಮೈಗೂಡುವ ವಿದ್ಯೆ. ಎರಡು ವರ್ಷದ ಅನುಭವಿಯನ್ನು ಮುಖ್ಯ ಪಂದ್ಯಗಳಿಗೆ ಇಳಿಸಿದ ಕಂಪನಿ ಆ ವಿದ್ಯೆ ಕಲಿಯಲು ಸಮಯ ಕೊಟ್ಟಿರಲಿಲ್ಲ. ಪೆಟ್ಟು ತಿಂದವರನ್ನು ತಕ್ಷಣ ಪರೀಕ್ಷಿಸಿ ವಿಶ್ರಾಂತಿಗೆ ಕಳಿಸುವ ವ್ಯವಸ್ಥೆಯೂ ಆ ಕಾಲದಲ್ಲಿ ಬಲವಾಗಿರಲಿಲ್ಲ.

ಕಾರಿನ ಗಾಜು ಒಡೆದ ಘಟನೆ?

ಅದಾದ ನಾಲ್ಕೇ ದಿನಕ್ಕೆ, 1999ರ ಡಿಸೆಂಬರ್ 23ರಂದು. ಕಥೆಯ ಪ್ರಕಾರ ಸಿಟ್ಟಿನಲ್ಲಿ ಲಿಮೊಸಿನ್ ಕಾರಿನ ಗಾಜುಗಳನ್ನು ಒಡೆಯಬೇಕಿತ್ತು. ಗಾಜಿನ ಅಂಚು ಮುಂಗೈಯನ್ನು ಆಳವಾಗಿ ಸೀಳಿತು, ಕೈ ಉಳಿಯುವುದೇ ಕಷ್ಟ ಎನ್ನುವ ಮಟ್ಟಕ್ಕೆ ಹೋಯಿತು. ಶಸ್ತ್ರಚಿಕಿತ್ಸೆಯ ನಂತರ ಮರಳಿದ್ದು 2000ದ ಮೇ ತಿಂಗಳಲ್ಲಿ. ಬಂದವರನ್ನು ಮುಂದಿನ ತಿಂಗಳೇ ಖಳನಾಗಿಸಿದರು. ಜನ ಆರಾಧಿಸುತ್ತಿದ್ದವರನ್ನು ದ್ವೇಷಿಸಿ ಎಂದು ಹೇಳಿದರೆ ಯಾರು ಕೇಳುತ್ತಾರೆ? ಆ ಪ್ರಯೋಗ ಬೇಗನೆ ಬಿದ್ದುಹೋಯಿತು. 2001ರ ಜನವರಿಯಲ್ಲಿ ಭುಜದ ಚಿಕಿತ್ಸೆಗಾಗಿ ಹೊರಹೋದರು, ಮಾರ್ಚ್‌ನಲ್ಲಿ ಕಂಪನಿಯನ್ನೇ ಎದುರಾಳಿ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಕೊಂಡುಕೊಂಡಿತು.

ಡಬ್ಲ್ಯುಡಬ್ಲ್ಯುಇಗೆ ತಕ್ಷಣ ಯಾಕೆ ಬರಲಿಲ್ಲ? 2003ರಲ್ಲಿ ಬಂದಾಗ ಏನಾಯಿತು?

ಅವರ ಒಪ್ಪಂದ ಮಾತೃಸಂಸ್ಥೆ ಟೈಮ್ ವಾರ್ನರ್ ಜೊತೆಗಿತ್ತು. ಮನೆಯಲ್ಲಿ ಕೂತರೂ ಸಂಬಳ ಬರುತ್ತಿತ್ತು, ಆ ಒಪ್ಪಂದ ಇತ್ಯರ್ಥವಾಗುವವರೆಗೆ ಕಾದರು. 2002ರಲ್ಲಿ ಜಪಾನಿನಲ್ಲಿ ಆಡಿದರು. 2003ರ ಮಾರ್ಚ್ 31ರಂದು ‘ರಾ’ ಕಾರ್ಯಕ್ರಮದಲ್ಲಿ ದಿ ರಾಕ್‌ಗೆ ಸ್ಪಿಯರ್ ಹಾಕಿ ಕಾಲಿಟ್ಟರು, ಏಪ್ರಿಲ್ 27ರಂದು ಅವರನ್ನೇ ಸೋಲಿಸಿದರು.

ಒಪ್ಪಂದ ಒಂದೇ ವರ್ಷದ್ದು. ಶುರುವಿನಲ್ಲೇ ತಲೆಗೆ ವಿಗ್ ಹಾಕಿಸಿ ನಗಿಸುವ ದೃಶ್ಯಕ್ಕೆ ಬಳಸಿಕೊಂಡರು. ಮಿಂಚಿನಂತೆ ಬಂದು ಹೋಗಬೇಕಾದವರಿಂದ ಉದ್ದನೆಯ ಪಂದ್ಯ ಆಡಿಸಿದರು. ಆಗಸ್ಟ್ 24ರಂದು ಎಲಿಮಿನೇಷನ್ ಚೇಂಬರ್ ಎಂಬ ಕಬ್ಬಿಣದ ಪಂಜರದ ಪಂದ್ಯದಲ್ಲಿ ರ‍್ಯಾಂಡಿ ಆರ್ಟನ್, ಶಾನ್ ಮೈಕಲ್ಸ್, ಕ್ರಿಸ್ ಜೆರಿಕೊ ಮೂವರನ್ನೂ ಸಾಲಾಗಿ ಹೊರಹಾಕಿದಾಗ ಜನ ಎದ್ದು ನಿಂತಿದ್ದರು. ಪಟ್ಟ ಕೊಡಲು ಅದಕ್ಕಿಂತ ಒಳ್ಳೆಯ ರಾತ್ರಿ ಇರಲಿಲ್ಲ. ಆದರೆ ಚಾಂಪಿಯನ್ ಟ್ರಿಪಲ್ ಎಚ್ ಸುತ್ತಿಗೆಯಿಂದ ಹೊಡೆದು ಪಟ್ಟ ಉಳಿಸಿಕೊಂಡರು. ಸೆಪ್ಟೆಂಬರ್ 21ರಂದು ಕೊನೆಗೂ ಟ್ರಿಪಲ್ ಎಚ್‌ನಿಂದ ವರ್ಲ್ಡ್ ಹೆವಿವೇಟ್ ಪಟ್ಟ ಗೆದ್ದರೂ, ಆ ಕಾವು ಆರಿತ್ತು. ಡಿಸೆಂಬರ್ 14ರಂದು ಪಟ್ಟ ಹೋಯಿತು.

ರೆಸಲ್‌ಮೇನಿಯಾ 20ರಲ್ಲಿ ಜನ ಯಾಕೆ ಕೂಗಾಡಿದರು?

ರೆಸಲ್‌ಮೇನಿಯಾ ಎಂದರೆ ಡಬ್ಲ್ಯುಡಬ್ಲ್ಯುಇಯ ವರ್ಷದ ದೊಡ್ಡ ಕಾರ್ಯಕ್ರಮ. 2004ರ ಮಾರ್ಚ್ 14, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಗೋಲ್ಡ್‌ಬರ್ಗ್, ಬ್ರಾಕ್ ಲೆಸ್ನರ್ ಇಬ್ಬರೂ ಕಂಪನಿ ಬಿಡುತ್ತಿದ್ದಾರೆಂಬ ಸುದ್ದಿ ಮೊದಲೇ ಹರಡಿತ್ತು. ಇಬ್ಬರೂ ನಿಮಿಷಗಟ್ಟಲೆ ಬರೀ ದುರುಗುಟ್ಟಿಕೊಂಡು ನಿಂತರು, ಜನ ರೇಗಿದರು. ಗೋಲ್ಡ್‌ಬರ್ಗ್ ಗೆದ್ದರು. ರೆಫರಿಯಾಗಿದ್ದ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಇಬ್ಬರಿಗೂ ತಮ್ಮ ಸ್ಟನ್ನರ್ ಪಟ್ಟು ಹಾಕಿದಾಗಲೇ ಸಭಾಂಗಣ ಖುಷಿಪಟ್ಟದ್ದು.

ಹನ್ನೆರಡು ವರ್ಷದ ನಂತರ ಮರಳಿದ್ದು ಹೇಗೆ?

ವಿಡಿಯೊ ಗೇಮ್ ಒಂದರ ಪ್ರಚಾರಕ್ಕೆ ಅವರ ಪಾತ್ರವನ್ನು ಬಳಸಿಕೊಂಡದ್ದು ನೆಪವಾಯಿತು. 2016ರ ನವೆಂಬರ್ 20ರಂದು ಟೊರಾಂಟೊದ ‘ಸರ್ವೈವರ್ ಸೀರೀಸ್’ನಲ್ಲಿ ಅದೇ ಲೆಸ್ನರ್ ಎದುರು ಎರಡು ಸ್ಪಿಯರ್, ಒಂದು ಜಾಕ್‌ಹ್ಯಾಮರ್, 1 ನಿಮಿಷ 26 ಸೆಕೆಂಡಿನಲ್ಲಿ ಪಂದ್ಯ ಮುಗಿಯಿತು. ಲೆಸ್ನರ್ ಅದಕ್ಕೆ ಎರಡು ವರ್ಷ ಮೊದಲು ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ ಅಜೇಯ ಸರಣಿ ಮುರಿದವರು, ಅವರನ್ನು ಹೀಗೆ ಯಾರೂ ಕೆಡವುತ್ತಾರೆಂದು ಎಣಿಸಿರಲಿಲ್ಲ. 2017ರ ಮಾರ್ಚ್ 5ರಂದು ಕೆವಿನ್ ಓವೆನ್ಸ್‌ನನ್ನು 22 ಸೆಕೆಂಡಿನಲ್ಲಿ ಸೋಲಿಸಿ, 50ನೇ ವಯಸ್ಸಿನಲ್ಲಿ ಯೂನಿವರ್ಸಲ್ ಚಾಂಪಿಯನ್ ಆದರು. ಏಪ್ರಿಲ್ 2ರ ರೆಸಲ್‌ಮೇನಿಯಾ 33ರಲ್ಲಿ ಲೆಸ್ನರ್‌ಗೆ ಸೋತರು. ಆ ಪಂದ್ಯವೂ ಐದು ನಿಮಿಷದೊಳಗಿನದು, ಇಬ್ಬರ ಬಲಕ್ಕೂ ತಕ್ಕದ್ದು.

ಮರಳಲು ಅವರು ಹೇಳಿಕೊಂಡ ಕಾರಣ ಮಗ ಗೇಜ್. ಅಪ್ಪನನ್ನು ರಿಂಗಿನಲ್ಲಿ ನೋಡುವ ಭಾಗ್ಯ ಆ ಹುಡುಗನಿಗೆ ಸಿಕ್ಕಿರಲಿಲ್ಲ. 2018ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂದಾಗ ಸಭೆಗೆ ಪರಿಚಯಿಸಿದವರು ಪಾಲ್ ಹೇಮನ್, ಅವರೂ ಯಹೂದಿ.

ಅಂಡರ್‌ಟೇಕರ್ ಜೊತೆಗಿನ ಪಂದ್ಯ ಯಾಕೆ ಕೆಟ್ಟಿತು?

2019ರ ಜೂನ್ 7, ಸೌದಿ ಅರೇಬಿಯಾದ ಜೆಡ್ಡಾ. ಗೋಲ್ಡ್‌ಬರ್ಗ್‌ಗೆ 52, ಅಂಡರ್‌ಟೇಕರ್‌ಗೆ 54. ಬಯಲು ಕ್ರೀಡಾಂಗಣ, ಜೂನ್ ತಿಂಗಳ ಸೆಕೆ. ಮೂಲೆಗೆ ನುಗ್ಗಿದ ಸ್ಪಿಯರ್ ತಪ್ಪಿ ತಲೆ ಕಂಬಕ್ಕೆ ಬಡಿಯಿತು. ಹಣೆಯಿಂದ ರಕ್ತ, ಮೆದುಳಿಗೆ ಪೆಟ್ಟು. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ನಂತರ ಜಾಕ್‌ಹ್ಯಾಮರ್‌ಗೆ ಎತ್ತಿದಾಗ ತೋಳಿನಲ್ಲಿ ಬಲವಿಲ್ಲದೆ ಅಂಡರ್‌ಟೇಕರ್ ಬಹುತೇಕ ತಲೆಯ ಮೇಲೆ ಬಿದ್ದರು. ಒಂದೆರಡು ಅಂಗುಲದ ಹೆಚ್ಚುಕಡಿಮೆಯಲ್ಲಿ ದೊಡ್ಡ ಅನಾಹುತ ತಪ್ಪಿತು. ಮುಂದಿನ ಪಟ್ಟಿಗೂ ಇಬ್ಬರೂ ಮುಗ್ಗರಿಸಿದರು. ವಯಸ್ಸು, ಸೆಕೆ, ಪಂದ್ಯದ ಉದ್ದ ಮೂರೂ ಸೇರಿದ್ದವು. ಎರಡು ತಿಂಗಳ ನಂತರ ಟೊರಾಂಟೊದಲ್ಲಿ ಡಾಲ್ಫ್ ಝಿಗ್ಲರ್ ವಿರುದ್ಧ ಪಂದ್ಯವನ್ನು ಚಿಕ್ಕದಾಗಿ ಇಟ್ಟರು, ಎಲ್ಲ ಸರಿಹೋಯಿತು.

ಸೌದಿಯಲ್ಲಿ ಅವರು ಒಟ್ಟು ನಾಲ್ಕು ಪಂದ್ಯ ಆಡಿದರು. 2020ರ ಫೆಬ್ರುವರಿ 27ರಂದು ರಿಯಾದ್‌ನಲ್ಲಿ ಬ್ರೇ ವಯಟ್‌ನ ‘ಫೀಂಡ್’ನನ್ನು ಸೋಲಿಸಿ ಎರಡನೇ ಸಲ ಯೂನಿವರ್ಸಲ್ ಪಟ್ಟ ಗೆದ್ದರು. ಗೋಲ್ಡ್‌ಬರ್ಗ್ ಎಂಬ ಹೆಸರಿನ ಯಹೂದಿ ಪೈಲ್ವಾನ ರಿಯಾದ್‌ನ ಜನರ ಮುಂದೆ ಪಟ್ಟ ಎತ್ತಿ ಹಿಡಿದದ್ದು ಇಪ್ಪತ್ತು ವರ್ಷ ಹಿಂದೆ ಯೋಚಿಸಲೂ ಆಗದ ದೃಶ್ಯ. ಆದರೆ ಫೀಂಡ್ ಆಗ ಬೆಳೆಯುತ್ತಿದ್ದ ಪಾತ್ರ. ಆ ಸೋಲು ಅದಕ್ಕೆ ಬಿದ್ದ ಪೆಟ್ಟು ಎಂಬ ಅಭಿಮಾನಿಗಳ ಬೇಸರ ನ್ಯಾಯವಾದದ್ದೇ.

ಒಟ್ಟು ಯಾವ ಪಟ್ಟಗಳು?

ಡಬ್ಲ್ಯುಸಿಡಬ್ಲ್ಯು ವಿಶ್ವ ಪಟ್ಟ 1 ಸಲ, ಅಮೆರಿಕ ಪಟ್ಟ 2 ಸಲ, ಬ್ರೆಟ್ ಹಾರ್ಟ್ ಜೊತೆ ಜೋಡಿ ಪಟ್ಟ 1 ಸಲ. ಡಬ್ಲ್ಯುಡಬ್ಲ್ಯುಇಯಲ್ಲಿ ವರ್ಲ್ಡ್ ಹೆವಿವೇಟ್ 1, ಯೂನಿವರ್ಸಲ್ 2.

ಅವರಿಗೆ ಕುಸ್ತಿ ಬರುವುದಿಲ್ಲ ಎನ್ನುತ್ತಾರಲ್ಲ?

ಹಿಡಿತ, ಬಿಡಿಸಿಕೊಳ್ಳುವಿಕೆ, ಅರ್ಧ ಗಂಟೆ ಕಥೆ ಹೆಣೆಯುವ ಕಸುಬು ಅವರದಲ್ಲ, ಅದು ಸತ್ಯ. ಅವರದು ಕೆಲವೇ ನಿಮಿಷಗಳ ಶಕ್ತಿ. ಅದನ್ನು ಅಷ್ಟಕ್ಕೇ ಇಟ್ಟಾಗ ಅವರಿಗೆ ಸಾಟಿ ಇರಲಿಲ್ಲ, ಎಳೆದಾಗಲೆಲ್ಲ ಪಂದ್ಯ ಕೆಟ್ಟಿದೆ, ಕೆಲವು ಸಲ ಎದುರಾಳಿಗೆ ಪೆಟ್ಟಾಗಿದೆ. ಅಪವಾದವೂ ಇದೆ. 1998ರ ಅಕ್ಟೋಬರ್ 25ರಂದು ಲಾಸ್ ವೇಗಸ್‌ನಲ್ಲಿ ಡೈಮಂಡ್ ಡಲ್ಲಾಸ್ ಪೇಜ್ ಜೊತೆ ಹತ್ತು ನಿಮಿಷ ಮೀರಿ ಆಡಿದ ಪಂದ್ಯ ಅವರ ಅತ್ಯುತ್ತಮ ಎಂದು ಬಹುತೇಕರು ಒಪ್ಪುತ್ತಾರೆ. ಪೇಜ್ ಪ್ರತಿ ಪಟ್ಟನ್ನೂ ಮೊದಲೇ ಯೋಜಿಸಿ ಆಡುವವರು, ಎದುರಾಳಿಯ ಶಕ್ತಿಗೆ ತಕ್ಕಂತೆ ಪಂದ್ಯ ಕಟ್ಟಿದರು. ಅಂದಿನ ಕಾರ್ಯಕ್ರಮ ನಿಗದಿತ ಸಮಯ ಮೀರಿ ಅನೇಕ ಮನೆಗಳಲ್ಲಿ ಪ್ರಸಾರ ಕಡಿದುಹೋಯಿತು, ಮರುದಿನ ಪೂರ್ತಿ ಪಂದ್ಯವನ್ನು ಮಾಮೂಲಿ ಟಿ.ವಿ.ಯಲ್ಲಿ ಮತ್ತೆ ತೋರಿಸಬೇಕಾಯಿತು.

ನಿವೃತ್ತಿ ಯಾವಾಗ?

2025ರ ಜುಲೈ 12, ಅಟ್ಲಾಂಟಾದಲ್ಲಿ, 58ನೇ ವಯಸ್ಸಿನಲ್ಲಿ. ವರ್ಲ್ಡ್ ಹೆವಿವೇಟ್ ಚಾಂಪಿಯನ್ ಗುಂಥರ್ ಕತ್ತು ಬಿಗಿದು ಹಿಡಿದಾಗ ಪ್ರಜ್ಞೆ ತಪ್ಪಿ ಸೋತರು. ಹಿಂದಿನ ವರ್ಷ ಅದೇ ನಗರದಲ್ಲಿ ಗೋಲ್ಡ್‌ಬರ್ಗ್‌ರನ್ನು ಅವರ ಮಗನ ಮುಂದೆ ಗುಂಥರ್ ಅವಮಾನಿಸಿದ್ದೇ ಈ ಪಂದ್ಯದ ಕಥೆ. ಪಂದ್ಯದ ನಂತರ ವಿದಾಯದ ಮಾತು ಆಡುತ್ತಿರುವಾಗಲೇ ಪ್ರಸಾರ ನಿಂತಿತು. ಇಷ್ಟು ವರ್ಷ ದುಡಿದವರ ಕೊನೆಯ ಮಾತು ಪೂರ್ತಿ ಕೇಳಿಸಬೇಕಿತ್ತು.

ಸ್ಪರ್ಧಾತ್ಮಕ ಕುಸ್ತಿಯಲ್ಲಿ ಯಹೂದಿ ಚಾಂಪಿಯನ್ನರು ಇದ್ದಾರೆಯೇ?

ಇದ್ದಾರೆ. ಹಂಗರಿಯ ಕಾರೊಯ್ ಕಾರ್ಪಾತಿ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ನಾಜಿಗಳ ನೆಲದಲ್ಲೇ, ಜರ್ಮನಿಯ ವೋಲ್ಫ್‌ಗಾಂಗ್ ಎರ್ಲ್ ಅವರನ್ನು ಬೆಳ್ಳಿಗೆ ತಳ್ಳಿ ಫ್ರೀಸ್ಟೈಲ್ ಲೈಟ್‌ವೇಟ್ ಚಿನ್ನ ಗೆದ್ದರು. ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಹೆನ್ರಿ ವಿಟೆನ್‌ಬರ್ಗ್ 1948ರ ಲಂಡನ್‌ನಲ್ಲಿ ಲೈಟ್ ಹೆವಿವೇಟ್ ಚಿನ್ನ, 1952ರ ಹೆಲ್ಸಿಂಕಿಯಲ್ಲಿ ಬೆಳ್ಳಿ ಪಡೆದರು. ನಮ್ಮ ಖಾಶಾಬಾ ಜಾಧವ್ ಆಡಿದ್ದೂ ಇವೇ ಎರಡು ಒಲಿಂಪಿಕ್ಸ್‌ಗಳಲ್ಲಿ: ಲಂಡನ್‌ನಲ್ಲಿ ಆರನೇ ಸ್ಥಾನ, ಹೆಲ್ಸಿಂಕಿಯಲ್ಲಿ ಕಂಚು. ಜಾಧವ್ ಕೂಡ ಮುಂದೆ ಪೊಲೀಸ್ ಅಧಿಕಾರಿಯಾದರು.

ಮೊದಲ ಸಲ ನೋಡುವವರು ಎಲ್ಲಿಂದ ಶುರು ಮಾಡಬೇಕು?

1998ರ ಜುಲೈ 6ರ ಹೋಗನ್ ಪಂದ್ಯದಿಂದ, ಅದೂ ಪ್ರವೇಶದ ದೃಶ್ಯದಿಂದಲೇ. ಪಂದ್ಯವನ್ನಷ್ಟೇ ನೋಡಿದರೆ ಅರ್ಧ ಕಳೆದುಕೊಳ್ಳುತ್ತೀರಿ. ನಂತರ ಡೈಮಂಡ್ ಡಲ್ಲಾಸ್ ಪೇಜ್ ಪಂದ್ಯ, 2003ರ ಎಲಿಮಿನೇಷನ್ ಚೇಂಬರ್, 2016ರ ಲೆಸ್ನರ್ ಪಂದ್ಯ. ಈ ನಾಲ್ಕರ ಮೇಲೆ ಸಮಯವಿದ್ದರೆ ರೆಸಲ್‌ಮೇನಿಯಾ 33. ಮಕ್ಕಳ ಜೊತೆ ಕೂತು ನೋಡುವುದಾದರೆ ಜೆಡ್ಡಾದ ಪಂದ್ಯ ಬೇಡ.